ಅಪ್ಪ ಚಪ್ಪರದೊಳಗೆ ಬರಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಸರ್ಕಾರಿ ಡಾಕ್ಟರಾಗಿ ಕೆಲಸ ಮಾಡಿದವಳು ನಾನು. ಏಳು, ಎಂಟನೇ ಕ್ಲಾಸಿನ ಮಗಳಿರುವ ಅಪ್ಪ ಅಮ್ಮನ ಜೊತೆ ಇವತ್ತು ನಾಲ್ಕು ಮಾತು ಆಡಬೇಕು. ಅಮ್ಮ ಒಲೆ ಮುಂದೆ ಇದ್ದರೆ ರೇಡಿಯೋ ಸ್ವಲ್ಪ ಜೋರು ಮಾಡಿಕೊಳ್ಳಿ. ಅಪ್ಪ ಜಗಲಿಯಲ್ಲಿ ಕೂತಿದ್ದರೆ ದಯವಿಟ್ಟು ಎದ್ದು ಹೋಗಬೇಡಿ. ಇದು ಹೆಂಗಸರ ವಿಷಯ ಅಂತ ಎದ್ದು ಹೋಗುವವರಿಗಾಗಿಯೇ ನಾನು ಬಂದಿರುವುದು.

ನಮ್ಮ ಕಡೆ ಹುಡುಗಿ ಮೈನೆರೆದರೆ ಒಸಗೆ ಮಾಡುತ್ತಾರೆ. ಆರತಿ ಅಂತಲೂ ಅನ್ನುತ್ತಾರೆ. ಸೋದರಮಾವ ಹಸಿ ಸೊಪ್ಪು ಕಡಿದು ತಂದು ಗುಡ್ಲು ಹಾಕುತ್ತಾನೆ. ನೆಂಟರು ಎಳ್ಳು ಚಿಗಳಿ, ಕೊಬ್ಬರಿ, ಬೆಲ್ಲ, ತುಪ್ಪ ತರುತ್ತಾರೆ. ಮುತ್ತೈದೆಯರು ಸೋಬಾನೆ ಹಾಡಿ ಆರತಿ ಎತ್ತುತ್ತಾರೆ. ಅಜ್ಜಿ, ಅತ್ತೆ, ಚಿಕ್ಕಮ್ಮ, ಮಾವ ಎಲ್ಲರಿಗೂ ಒಂದೊಂದು ಕೆಲಸ ಇದೆ. ಅಪ್ಪ ಮಾತ್ರ ಹೊರಗೆ. ಶಾಮಿಯಾನದವನಿಗೆ ದುಡ್ಡು ಎಣಿಸುತ್ತಾ, ಅಡುಗೆಯವರಿಗೆ ಕೂಗು ಹಾಕುತ್ತಾ ಇರುತ್ತಾನೆ.

ಒಂದೇ ಒಂದು ಬದಲಾಗಲಿ ಅಂತ ಕೇಳುತ್ತೇನೆ. ಅಪ್ಪ ಚಪ್ಪರದೊಳಗೆ ಬರಲಿ. ಮಗಳ ಪಕ್ಕ ಕೂತು, ‘ಏನಾದ್ರೂ ಕೇಳಬೇಕಾ ಮಗಳೇ?’ ಅಂತ ಕೇಳಲಿ.

ಮದ್ದೂರಿನ ಹತ್ತಿರದ ಒಂದು ಹಳ್ಳಿಯ ಮಾತು ಹೇಳುತ್ತೇನೆ. ಆಗ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. 2006-07ರಲ್ಲಿ ಶುರುವಾದ ಯೋಜನೆ ಅದು. ಆ ಹುಡುಗಿಗೂ ಒಂದು ಸಿಕ್ಕಿತ್ತು. ಸ್ಕೂಲು ಮೂರು ಮೈಲಿ. ಅವಳ ಒಸಗೆಗೆ ನನ್ನನ್ನೂ ಕರೆದಿದ್ದರು. ಹೋದೆ. ಹುಡುಗಿ ಹಸೆಯ ಮೇಲೆ ಕೂತಿದ್ದಾಳೆ, ಮೊಗ್ಗಿನ ಜಡೆ, ಕೈತುಂಬ ಹಸಿರು ಬಳೆ. ಮುಖದಲ್ಲಿ ನಗು ಇಲ್ಲ. ನಾನು ಅರಿಶಿನ ಹಚ್ಚುವ ನೆಪದಲ್ಲಿ ಬಗ್ಗಿ, ‘ಹೊಟ್ಟೆ ನೋವಾ?’ ಅಂದೆ. ಅಲ್ಲ ಅಂತ ತಲೆ ಆಡಿಸಿದಳು. ‘ಮತ್ತೇನಮ್ಮ?’ ಅಂದರೆ, ‘ಸೈಕಲ್ಲು’ ಅಂದಳು. ಆಮೇಲೆ ಗೊತ್ತಾಯಿತು. ದೊಡ್ಡವಳಾದ ಮೇಲೆ ಸೈಕಲ್ ತುಳಿಯಬಾರದು ಅಂತ ಅವರಜ್ಜಿ ಅದನ್ನು ಹುಲ್ಲಿನ ಮೆದೆಯ ಹಿಂದೆ ಇಡಿಸಿದ್ದರಂತೆ. ಹನ್ನೊಂದು ದಿನ ಗುಡ್ಲಿನಲ್ಲಿ ಕೂತ ಆ ಮಗು ಇದೊಂದನ್ನೇ ಯೋಚನೆ ಮಾಡಿದೆ. ಯಾರೂ ಕೇಳಿಲ್ಲ, ಅವಳೂ ಹೇಳಿಲ್ಲ.

ನಾನು ಹೊರಗೆ ಹೋಗಿ ಅವರಪ್ಪನನ್ನು ಕರೆದೆ. ‘ನಾನ್ಯಾಕೆ ಡಾಕ್ಟ್ರಮ್ಮ, ಹೆಂಗಸ್ರು ಇರೋ ಕಡೆ’ ಅಂದ. ಬನ್ನಿ ಅಂತ ಕೈ ಹಿಡಿದೇ ಕರೆತಂದೆ. ಚಪ್ಪಲಿ ಬಿಟ್ಟು ಒಳಗೆ ಬಂದ. ಹಾಡು ನಿಂತಿತು. ಮಗಳು ತಲೆ ಎತ್ತಿ, ‘ಅಪ್ಪಾ, ಸೈಕಲ್ ಕೊಟ್ಬುಟ್ಟೆಯಾ?’ ಅಂದಳು. ಅವನಿಗೆ ವಿಷಯವೇ ಗೊತ್ತಿಲ್ಲ! ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಮಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ‘ಎಲ್ಲೂ ಹೋಗಕಿಲ್ಲ ಕನವ್ವ, ಅದು ನಿಂದೇಯ’ ಅಂದ. ನೆಂಟರೆಲ್ಲ ಕೇಳಿಸಿಕೊಂಡರು. ಅಜ್ಜಿಯೂ ಕೇಳಿಸಿಕೊಂಡರು. ಅಷ್ಟು ಜನರ ಮುಂದೆ ಆಡಿದ ಮಾತು ನೋಡಿ, ಆಮೇಲೆ ಯಾರೂ ಅದನ್ನು ಮುರಿಯಲಿಲ್ಲ. ಶಾಸ್ತ್ರಕ್ಕೆ ನೆಂಟರನ್ನು ಕರೆಯುವುದೇ ಇದಕ್ಕೆ ಅಲ್ವಾ?

ಮುಂದಿನ ಗುರುವಾರ ಚುಚ್ಚುಮದ್ದು ಹಾಕಲು ಹೋದಾಗ ಅವನು ಅಂಗಳದಲ್ಲಿ ಸೈಕಲ್ ತಲೆಕೆಳಗೆ ನಿಲ್ಲಿಸಿಕೊಂಡು ಚೈನಿಗೆ ಎಣ್ಣೆ ಬಿಡುತ್ತಿದ್ದ. ಮಗಳು ಪೆಡಲ್ ತಿರುಗಿಸುತ್ತಿದ್ದಳು. ‘ಇವ್ಳಿಗೆ ಸುಸ್ತು ಅಂತಾಳೆ ಡಾಕ್ಟ್ರಮ್ಮ, ಏನು ಕೊಡಬೇಕು?’ ಅಂತ ಅವನೇ ಕೇಳಿದ. ಅಲ್ಲಿಯವರೆಗೆ ಒಬ್ಬ ಅಪ್ಪನೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಈ ಕತೆಯಲ್ಲೇ ಸಮಯ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಈ ವಯಸ್ಸಿನ ಸುಸ್ತಿಗೆ ಹೆಚ್ಚಾಗಿ ಕಾರಣ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವುದು. ಸ್ಕೂಲಿನಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ, ಊಟ ಆದ ಮೇಲೆ ನುಂಗಿಸಿ. ಒಸಗೆಯ ಎಳ್ಳು ಬೆಲ್ಲ ಆ ಹನ್ನೊಂದು ದಿನಕ್ಕೆ ನಿಲ್ಲಬಾರದು, ಸೊಪ್ಪಿನ ಸಾರು, ರಾಗಿ, ಕಾಳು ದಿನವೂ ಇರಲಿ. ಮೊದಲ ಒಂದೆರಡು ವರ್ಷ ಮುಟ್ಟು ಹಿಂದೆ ಮುಂದೆ ಆಗುತ್ತದೆ, ಗಾಬರಿ ಬೇಡ. ಪ್ಯಾಡ್ ತರುವುದಕ್ಕೆ ಅಪ್ಪನೂ ಅಂಗಡಿಗೆ ಹೋಗಬಹುದು. ಅದನ್ನು ಪೇಪರಿನಲ್ಲಿ ಸುತ್ತಿ ಬಚ್ಚಿಡುವುದು ಯಾಕೆ? ಈರುಳ್ಳಿ ತಂದ ಹಾಗೆ ತನ್ನಿ. ಮಳೆ ಚಳಿಯಲ್ಲಿ ಮಗಳನ್ನು ಹೊರಗೆ ಗುಡ್ಲಿನಲ್ಲಿ ಮಲಗಿಸಬೇಡಿ. ಒಸಗೆಗೆ ಬಂದವರು ಮದುವೆ ಮಾತು ತೆಗೆದರೆ ಬಾಯಿ ಮುಚ್ಚಿಸಿ, 18 ತುಂಬದೆ ಮದುವೆ ಅಪರಾಧ. ಮಕ್ಕಳ ಸಹಾಯವಾಣಿ 1098.

ಗಂಡುಮಕ್ಕಳ ಬಗ್ಗೆ ಹೇಳಲು ಬಹಳ ಇತ್ತು. ಧ್ವನಿ ಒಡೆದು, ಮೀಸೆ ಚಿಗುರಿ ಅವರೂ ಒದ್ದಾಡುತ್ತಾರೆ. ಎಷ್ಟೋ ಮನೆಗಳಲ್ಲಿ ಅವರಿಗೆ ಯಾವ ಶಾಸ್ತ್ರವೂ ಇಲ್ಲ, ಒಂದು ಮಾತೂ ಇಲ್ಲ. ಅವರನ್ನೂ ಪಕ್ಕ ಕೂರಿಸಿಕೊಳ್ಳಿ.

ಈಗ ಒಸಗೆಗೂ ಫ್ಲೆಕ್ಸ್ ಕಟ್ಟುತ್ತಾರೆ, ಛತ್ರ ಹಿಡಿಯುತ್ತಾರೆ, ಡ್ರೋನ್ ಬಿಡುತ್ತಾರೆ. ಮಾಡುವವರು ಮಾಡಿ. ಹಸೆಯ ಪಕ್ಕದಲ್ಲಿ ಅಪ್ಪನಿಗೂ ಒಂದು ಚಾಪೆ ಹಾಸಿಡಿ. ನಮಸ್ಕಾರ.