ದೂರ ಓಡುವ ಕುದುರೆಗೆ ಡ್ರೆಸಾಜ್ ಪಾಠ

ಕೇಳುಗರಿಗೆ ನಮಸ್ಕಾರ.

ಎಂಡ್ಯೂರನ್ಸ್ ಅಂದರೆ ಒಂದೇ ದಿನದಲ್ಲಿ 40, 80, ದೊಡ್ಡ ಸ್ಪರ್ಧೆಯಾದರೆ 160 ಕಿಲೋಮೀಟರ್ ಕ್ರಮಿಸುವ ಕುದುರೆ ಸವಾರಿ. ಡ್ರೆಸಾಜ್ ಅಂದರೆ ಅಳತೆಯ ಅಂಕಣದೊಳಗೆ ಸವಾರನ ಸಣ್ಣ ಸೂಚನೆಗೂ ಕುದುರೆ ಓಗೊಡುವಂತೆ ಪಳಗಿಸುವ ವಿದ್ಯೆ. ಬಯಲಲ್ಲಿ ಓಡುವ ಕುದುರೆಗೆ ಇಷ್ಟು ನಾಜೂಕು ಯಾಕೆ ಬೇಕು? ಕುದುರೆಯ ಬೆನ್ನು ಮತ್ತು ಕಾಲು ಉಳಿಯಲಿಕ್ಕೆ.

ಸುಮ್ಮನೆ ನಿಂತ ಕುದುರೆಯ ತೂಕದಲ್ಲೂ ನೂರಕ್ಕೆ ಸುಮಾರು 60 ಪಾಲು ಮುಂಗಾಲಿನ ಮೇಲಿರುತ್ತದೆ. ದಣಿದ ಕುದುರೆ ಕತ್ತೆತ್ತಿ, ಬೆನ್ನು ಇಳಿಬಿಟ್ಟು ಓಡತೊಡಗಿದರೆ ಹಿಂಗಾಲು ಹೊಟ್ಟೆಯಡಿ ಬರುವುದಿಲ್ಲ. ಭಾರವೆಲ್ಲ ಮುಂದೆ ಬೀಳುತ್ತದೆ. ಸ್ಪರ್ಧೆಯ ಪಶುವೈದ್ಯರ ತಪಾಸಣೆಯಲ್ಲಿ ನಾಡಿಬಡಿತ ನಿಮಿಷಕ್ಕೆ 64ರ ಮಿತಿಯೊಳಗೇ ಇದ್ದರೂ ನಡಿಗೆ ಕುಂಟಿದರೆ ಆ ಕುದುರೆ ಅಲ್ಲಿಗೇ ಹೊರಗೆ.

ಬಹಳ ಸವಾರರು ಗಮನಿಸದ ಸಂಗತಿಯೊಂದಿದೆ. ಟ್ರಾಟ್ ಅಂದರೆ ನಡಿಗೆಗಿಂತ ಚುರುಕಾದ, ಎರಡು ತಾಳದ ಓಟ. ಟ್ರಾಟ್‌ನಲ್ಲಿ ಎಡ ಮುಂಗಾಲಿನ ಜತೆ ಬಲ ಹಿಂಗಾಲು, ಬಲ ಮುಂಗಾಲಿನ ಜತೆ ಎಡ ಹಿಂಗಾಲು ಜೋಡಿಯಾಗಿ ಬೀಳುತ್ತವೆ. ಏಳುತ್ತ ಕೂರುತ್ತ ಹೋಗುವ ಸವಾರ ಯಾವ ಜೋಡಿಯ ಮೇಲೆ ಕೂರುತ್ತಾನೋ ಅದಕ್ಕೇ ಹೆಚ್ಚು ಪೆಟ್ಟು. ನಾಲ್ಕೂ ಕಾಲಿನ ಒಂದು ಸುತ್ತು ಹೆಜ್ಜೆಗೆ 3 ಮೀಟರ್ ಹಿಡಿದರೂ 40 ಕಿಲೋಮೀಟರಿಗೆ 13 ಸಾವಿರಕ್ಕೂ ಹೆಚ್ಚು ಸಲ! ಜೋಡೆತ್ತಿನಲ್ಲಿ ಒಂದೇ ಎತ್ತು ಎಳೆದ ಹಾಗೆ ಒಂದು ಮಗ್ಗುಲು ಗಟ್ಟಿಯಾಗಿ ಇನ್ನೊಂದು ಸೊರಗುತ್ತದೆ. ಅದಕ್ಕೆ ಪ್ರತಿ ಕಿಲೋಮೀಟರ್ ಕಲ್ಲಿಗೊಮ್ಮೆ, ಏಳಬೇಕಾದ ಕಡೆ ಏಳದೆ ಎರಡು ತಾಳ ಕೂತು, ಜೋಡಿ ಬದಲಿಸಬೇಕು. ಅಂಕಣದಲ್ಲಾದರೆ ಹೊರಗಿನ ಮುಂಗಾಲು ನೆಲ ಮುಟ್ಟಿದಾಗ ಕೂರುವುದು ರೂಢಿ.

ಅಂಕಣಕ್ಕೆ 40 ಮೀಟರ್ ಉದ್ದ, 20 ಮೀಟರ್ ಅಗಲ ಸಾಕು. ಎಂಟು ಗುಂಟೆಯೂ ಪೂರ್ತಿ ಆಗುವುದಿಲ್ಲ. ನಡುವೆ ಗೂಟ ಬಡಿದು 10 ಮೀಟರ್ ಹಗ್ಗ ಕಟ್ಟಿ, ತುದಿ ಹಿಡಿದು ಸುತ್ತುತ್ತ ಸುಣ್ಣದ ಪುಡಿ ಹಾಕಿದರೆ ವೃತ್ತ ಸಿದ್ಧ. ಕುದುರೆ ಬಲಸುತ್ತಿನಲ್ಲಿ ಸುಣ್ಣದ ಗೆರೆ ಹಿಡಿದು, ಎಡಸುತ್ತಿನಲ್ಲಿ ಹೊರಗೆ ಜಾರಿದರೆ ಅದರ ಸೊಟ್ಟ ಯಾವ ಕಡೆಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ನೆಲದ ಬಗ್ಗೆ ಎಚ್ಚರ ಬೇಕು. ನವಲಗುಂದ, ಗದಗ ಕಡೆಯ ಎರಿ ಭೂಮಿ ಮಳೆಯಲ್ಲಿ ಗೊರಸಿಗೆ ಅಂಟಿ ಲಾಳ ಕೀಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ಉಳುಕಿಸುತ್ತದೆ. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಹೆಬ್ಬೆರಳಿನಿಂದ ಒತ್ತಿದರೆ ಒಡೆಯಬೇಕು. ಆ ಹದದಲ್ಲಿ ಮಾತ್ರ ತಿರುವಿನ ಕೆಲಸ. ಧಾರವಾಡದ ಪಶ್ಚಿಮಕ್ಕೆ ಕೆಂಪು ನೆಲವಿದ್ದವರಿಗೆ ಈ ತಾಪತ್ರಯ ಕಡಿಮೆ.

ವಾರಕ್ಕೆ ಎರಡು ಪಾಠ, ಒಂದೊಂದು 40 ನಿಮಿಷ. ದೂರದ ಓಟದ ಮರುದಿನ ಬೇಡ. ಮೊದಲ ಹತ್ತು ನಿಮಿಷ ಲಗಾಮು ಸಡಿಲಬಿಟ್ಟು ನಡಿಗೆ. ಆಮೇಲೆ ಎರಡೂ ಕಡೆಗೆ 20 ಮೀಟರ್ ವೃತ್ತದಲ್ಲಿ ಟ್ರಾಟ್, ಹನ್ನೆರಡು ಹದಿನೈದು ಹೆಜ್ಜೆಗೊಮ್ಮೆ ನಡಿಗೆಗೆ ಇಳಿಸಿ ಮತ್ತೆ ಟ್ರಾಟ್. ಇದು ರೂಢಿಯಾದ ಮೇಲೆ ಸವಾರನ ಕಾಲಿನ ಒತ್ತಿಗೆ ಅಡ್ಡ ಸರಿಯುವುದನ್ನು ನಡಿಗೆಯಲ್ಲೇ ಕಲಿಸಬೇಕು. ಜತೆಗೆ ಹಾಫ್ ಹಾಲ್ಟ್: ನೆಟ್ಟಗೆ ಕೂತು, ಕಾಲೊತ್ತಿ, ಬೆರಳು ಒಂದು ಕ್ಷಣ ಬಿಗಿ ಮಾಡಿ ಕೂಡಲೇ ಬಿಡುವುದು. ಕಪ್ಪತಗುಡ್ಡದ ಸುತ್ತಿನಂಥ ಇಳುಕಲಿನಲ್ಲಿ ಕುದುರೆ ಮುಗ್ಗರಿಸದಂತೆ ಕಾಯುವುದು ಇದೇ. ಕೊನೆಗೆ ಹತ್ತು ನಿಮಿಷ ಕತ್ತು ಕೆಳಗೆ ಚಾಚಿ ನಡೆಯಲು ಬಿಡಿ.

ಹೆಚ್ಚಾಗಿ ಕೆಡುವುದು ಕೈಯಿಂದ. ಲಗಾಮು ಎಳೆದು ಗದ್ದವನ್ನು ಎದೆಗೆ ಒತ್ತಿದರೆ ನೋಡಲಿಕ್ಕೆ ಚೆಂದ, ಬೆನ್ನು ಮಾತ್ರ ಏಳುವುದಿಲ್ಲ. ಕತ್ತು ಕಟ್ಟಿಹಾಕಿದ ಕುದುರೆಗೆ ಕಲ್ಲುದಾರಿಯಲ್ಲಿ ಸಮತೋಲವೂ ಸಿಗುವುದಿಲ್ಲ.

ಎರಡು ಮೂರು ತಿಂಗಳಲ್ಲಿ ಬೆನ್ನಿನ ಮಾಂಸ ತುಂಬಿ ಹಳೆಯ ಜೀನು ಬಿಗಿಯಾಗಬಹುದು. ಸವಾರಿ ಮುಗಿದ ಕೂಡಲೇ ಜೀನು ತೆಗೆದು ನೋಡಿ. ಸುತ್ತ ಬೆವರು ಒದ್ದೆಯಿದ್ದು ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಜೀನು ಒತ್ತುತ್ತಿದೆ. ಆಗ ಇನ್ನೊಂದು ಕಂಬಳಿ ಹಾಕಬೇಡಿ, ಬಿಗಿ ಹೆಚ್ಚುತ್ತದೆ; ಜೀನನ್ನೇ ಸರಿಪಡಿಸಿ.