ರೇಡಿಯೋದಲ್ಲಿ ಪಳಗಿದ ಕೈ

ಕೇಳುಗರಿಗೆ ನಮಸ್ಕಾರ.

ಇವತ್ತು ಇಂಗ್ಲೆಂಡಿನ ನಾಟಕಕಾರ್ತಿ ಕ್ಯಾರಿಲ್ ಚರ್ಚಿಲ್ ಅವರ ಬಗ್ಗೆ ಮಾತಾಡೋಣ. ಹುಟ್ಟಿದ್ದು 1938ರಲ್ಲಿ, ಲಂಡನ್ನಿನಲ್ಲಿ. ಅವರ ಹೆಸರು ಹೇಳಿದ ಕೂಡಲೇ ನಾಟಕದವರಿಗೆ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರ ನೆನಪಾಗುತ್ತದೆ. ನನಗೆ ಮೊದಲು ನೆನಪಾಗುವುದು ಮಾತ್ರ ರೇಡಿಯೋ. ಅವರ ಕೈ ಪಳಗಿದ್ದು ಇಲ್ಲೇ ಅಲ್ವಾ!

1962ರಲ್ಲಿ ಬಿಬಿಸಿ ರೇಡಿಯೋ ಅವರ 'ದಿ ಆಂಟ್ಸ್' ನಾಟಕವನ್ನು ಪ್ರಸಾರ ಮಾಡಿತು. ಇರುವೆಗಳ ಜೊತೆ ಆಡುತ್ತಾ ಕೂತ ಒಬ್ಬ ಪುಟ್ಟ ಹುಡುಗ. ಅಪ್ಪ ಅಮ್ಮ ಬೇರೆಯಾಗುತ್ತಿದ್ದಾರೆ. ದೂರದಲ್ಲೆಲ್ಲೋ ಯುದ್ಧ ನಡೆದಿದೆ. ಕೊನೆಗೆ ಆ ಇರುವೆಗಳಿಗೇ ಬೆಂಕಿ ಬೀಳುತ್ತದೆ. ಪರದೆ ಇಲ್ಲ, ದೀಪ ಇಲ್ಲ. ಎಲ್ಲವನ್ನೂ ಬರೀ ದನಿಯಲ್ಲೇ ಕಾಣಿಸಬೇಕು.

ಮುಂದಿನ ಹತ್ತು ವರ್ಷ ಜಾಸ್ತಿ ಬರೆದದ್ದು ರೇಡಿಯೋಗೇ. ಮನೆ ತುಂಬಾ ಚಿಕ್ಕ ಮಕ್ಕಳು, ಮೂರೂ ಗಂಡು. ಬರೆಯುವ ಹೊತ್ತನ್ನು ಕದ್ದೇ ಹೊಂದಿಸಬೇಕು. ಚಿಕ್ಕ ನಾಟಕಕ್ಕೆ ರೇಡಿಯೋ ಹೇಳಿ ಮಾಡಿಸಿದ ಜಾಗ.

1968ರಲ್ಲಿ ಬಂದ 'ಐಡೆಂಟಿಕಲ್ ಟ್ವಿನ್ಸ್' ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇಬ್ಬರು ಅವಳಿ ಅಣ್ಣತಮ್ಮಂದಿರ ಕಥೆ. ಇಬ್ಬರ ಪಾತ್ರಕ್ಕೂ ಒಬ್ಬರೇ ನಟ, ಕೆನೆತ್ ಹೇಗ್. ಎರಡೂ ದನಿ ಒಂದರ ಮೇಲೊಂದು ಬೀಳುತ್ತಾ ಒಟ್ಟಿಗೇ ಕೇಳಿಸುತ್ತವೆ. ನಾನು ಯಾರು, ಅವನು ಯಾರು ಅನ್ನುವ ಆ ಅವಳಿಗಳ ಕಳವಳ ಕೇಳುವವರ ಕಿವಿಗೂ ಅಂಟಿಕೊಳ್ಳುತ್ತದೆ. ಇಂಥದ್ದು ರೇಡಿಯೋದಲ್ಲಷ್ಟೇ ಸಾಧ್ಯ.

1972ರಲ್ಲಿ 'ಓನರ್ಸ್' ರಾಯಲ್ ಕೋರ್ಟ್‌ನಲ್ಲಿ ರಂಗಕ್ಕೆ ಬಂತು. ಎರಡು ವರ್ಷದ ನಂತರ ಅದೇ ರಂಗಮಂದಿರ ಅವರನ್ನು ತನ್ನ ನಾಟಕಕಾರರನ್ನಾಗಿ ಇಟ್ಟುಕೊಂಡಿತು. ಅಲ್ಲಿ ಆ ಜಾಗಕ್ಕೆ ಬಂದ ಮೊದಲ ಹೆಂಗಸು ಅವರೇ.

ರೇಡಿಯೋದ ಕಿವಿ ಮಾತ್ರ ಅವರನ್ನು ಬಿಡಲಿಲ್ಲ. 1982ರ 'ಟಾಪ್ ಗರ್ಲ್ಸ್' ತೆರೆದು ನೋಡಿ. ಊಟದ ಮೇಜಿನ ಸುತ್ತ ಬೇರೆ ಬೇರೆ ಕಾಲದ ಹೆಂಗಸರು ಕೂತಿದ್ದಾರೆ. ಮಾತಿನ ನಡುವೆ ಅಲ್ಲಲ್ಲಿ ಒಂದು ಸಣ್ಣ ಓರೆಗೀಟು. ಇವಳು ಮಾತು ಮುಗಿಸುವ ಮೊದಲೇ, ಆ ಗೀಟಿನ ಹತ್ತಿರ, ಅವಳು ಬಾಯಿ ಹಾಕಬೇಕು! ನಮ್ಮ ಮನೆಗಳಲ್ಲಿ ಊಟಕ್ಕೆ ಕೂತಾಗಲೂ ಹೀಗೇ ತಾನೇ? ನಟರಿಗೆ ಇದು ಸುಲಭವಲ್ಲ. ತಾಳ ಒಂಚೂರು ತಪ್ಪಿದರೂ ಬರೀ ಗದ್ದಲ. ಸರಿಯಾಗಿ ಕೂತರೆ ಹಾಡು ಕೇಳಿದ ಹಾಗಿರುತ್ತದೆ.

2002ರಲ್ಲಿ ಬಂದದ್ದು 'ಎ ನಂಬರ್'. ಅಪ್ಪನೊಬ್ಬ ತನ್ನ ಮಗನ ತದ್ರೂಪು ಮಾಡಿಸಿದ್ದಾನೆ. ಅವನಿಗೆ ಗೊತ್ತಿಲ್ಲದೆ ಅಂಥವರು ಇನ್ನೂ ಎಷ್ಟೋ ಮಂದಿ ಹುಟ್ಟಿದ್ದಾರೆ. ಅಪ್ಪನಾಗಿ ಮೈಕೆಲ್ ಗ್ಯಾಂಬನ್. ಮೂವರು ಮಕ್ಕಳಾಗಿ ಒಬ್ಬರೇ, ಡೇನಿಯಲ್ ಕ್ರೇಗ್. ಮೂವತ್ತನಾಲ್ಕು ವರ್ಷದ ಹಿಂದಿನ ಆ ಅವಳಿಗಳು ಮತ್ತೆ ಬಂದ ಹಾಗೆ ನನಗೆ ಅನ್ನಿಸುತ್ತದೆ.

ಕೊನೆಯ ದೃಶ್ಯದಲ್ಲಿ ಮೂರನೆಯವನು ಅಪ್ಪನ ಎದುರು ಕೂತಿದ್ದಾನೆ. ಇವನು ಬೇರೆಲ್ಲೋ ಬೆಳೆದವನು. ತನ್ನ ಬಗ್ಗೆ ಏನಾದರೂ ಹೇಳು ಅಂದರೆ ಹೆಂಡತಿಯ ಕಿವಿ ಚೆಂದ ಅನ್ನುತ್ತಾನೆ. ನಿನ್ನ ಬಾಳು ನಿನಗೆ ಇಷ್ಟವೇ ಎಂದು ಮುದುಕ ಕೇಳುತ್ತಾನೆ. ಹೌದು ಅನ್ನುತ್ತಾನೆ. ಹಾಗೆಂದದ್ದಕ್ಕೆ ಕ್ಷಮೆಯನ್ನೂ ಕೇಳುತ್ತಾನೆ.

ನಮಸ್ಕಾರ.