ದೊಡ್ಡ ಗಡಿಯಾರ ಮೊಟ್ಟೆಯಾಗದಿರಲಿ

ಕೇಳುಗರಿಗೆ ನಮಸ್ಕಾರ. ಮೈಸೂರಿನ ಛತ್ರಗಳಲ್ಲಿ ಮಿನಿ ಡಿವಿ ಟೇಪಿಗೆ ಹಿಡಿದ ಮದುವೆಗಳು, ಜಂಬೂಸವಾರಿಯ ಚಿತ್ರಗಳು ಈಗ ಒಂದೊಂದಾಗಿ ಕಂಪ್ಯೂಟರಿಗೆ ಬರುತ್ತಿವೆ. ಎಡಿಟಿಂಗ್ ಸೊಗಸಾಗಿ ಮುಗಿದಿರುತ್ತದೆ. ಎಕ್ಸ್‌ಪೋರ್ಟ್ ಮಾಡಿ, ಅಂದರೆ ಮುಗಿದ ವಿಡಿಯೋವನ್ನು ಫೈಲಾಗಿ ಹೊರತೆಗೆದು ನೋಡಿದರೆ ಅಂಬಾರಿ ಹೊತ್ತ ಆನೆ ಕುಳ್ಳಗಾಗಿರುತ್ತದೆ, ಇಲ್ಲವೇ ಮದುಮಗಳ ಮುಖ ಸೊರಗಿರುತ್ತದೆ. ತಪ್ಪು ಕ್ಯಾಮೆರಾದ್ದಲ್ಲ, ಚಿತ್ರ ಕಟ್ಟುವ ಚುಕ್ಕೆಯಾದ ಪಿಕ್ಸೆಲ್ಲಿನ ಆಕಾರದ ಲೆಕ್ಕದ್ದು.

ನಮ್ಮ ದೇಶದ ಹಳೆಯ ಟಿವಿ ಪದ್ಧತಿ ಪಾಲ್. ಅದರ ಡಿವಿ ಚೌಕಟ್ಟಿನ ಅಗಲ 720, ಎತ್ತರ 576 ಪಿಕ್ಸೆಲ್. ಭಾಗಿಸಿದರೆ 1.25 ಬರುತ್ತದೆ, ಹಳೆಯ ಟಿವಿಯ ಪರದೆಯೋ 4ಕ್ಕೆ 3, ಅಂದರೆ 1.33. ಅಂಚಿನ ಕೆಲವು ಹೆಚ್ಚುವರಿ ಪಿಕ್ಸೆಲ್ ಬಿಟ್ಟು ಎಣಿಸಿದರೆ, ಪಿಕ್ಸೆಲ್ಲಿನ ಅಗಲ ಅದರ ಎತ್ತರದ ಸುಮಾರು 1.09 ಪಟ್ಟು ಇರುವುದರಿಂದ ಈ ಅಂತರ ತುಂಬುತ್ತದೆ. ಕಂಪ್ಯೂಟರ್ ಅದನ್ನು ಚೌಕವೆಂದು ಎಣಿಸಿದರೆ ಚಿತ್ರ ಶೇಕಡಾ 8ರಿಂದ 9ರಷ್ಟು ಸಣಕಲಾಗುತ್ತದೆ. ಅದೇ 720-576ರಲ್ಲಿ 16ಕ್ಕೆ 9ರ ಅಗಲ ಚಿತ್ರವೂ ಇರಬಹುದು! ಆಗ ಪಿಕ್ಸೆಲ್ ಸುಮಾರು 1.46 ಪಟ್ಟು ಅಗಲ. ಹೈ ಡೆಫಿನಿಷನ್ ಚಿತ್ರದ ಎಚ್‌ಡಿವಿ ಟೇಪಿನಲ್ಲಿ 1440-1080 ಇದ್ದು, ಪಿಕ್ಸೆಲ್ 1.33 ಪಟ್ಟು ಅಗಲ, ತೆರೆದಾಗ ಚಿತ್ರದ ಅಗಲ 1920 ಆಗಬೇಕು.

ಹಾಗಾಗಿ ಚೌಕಟ್ಟಿನ ಅಂಕಿ ಮಾತ್ರ ನೋಡಿದರೆ ಏನೂ ತಿಳಿಯದು. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ಫೈಲು ತೆರೆದು ಡಿಸ್‌ಪ್ಲೇ ಆಸ್ಪೆಕ್ಟ್ ರೇಷಿಯೋ, ಅಂದರೆ ಪರದೆಯ ಮೇಲಿನ ಅಗಲ-ಎತ್ತರದ ಅನುಪಾತ, ಓದಿ. ಅದರ ಗುರುತೂ ಕೆಲವೊಮ್ಮೆ ತಪ್ಪಿರುತ್ತದೆ. ದುಂಡಗಿನ ವಸ್ತುವೇ ನಂಬಿಕೆಯ ಸಾಕ್ಷಿ: ನೇರವಾಗಿ ಕಂಡ ಹರಿವಾಣ, ದೊಡ್ಡ ಗಡಿಯಾರದ ಮುಖ. ಆ ಫ್ರೇಮನ್ನು ನಿಲ್ಲಿಸಿ ಅಡ್ಡವನ್ನೂ ಉದ್ದವನ್ನೂ ಅಳೆಯಿರಿ. ಎರಡೂ ಸಮವಿರಬೇಕು.

ಸರಿಪಡಿಸುವ ಜಾಗ ಎಕ್ಸ್‌ಪೋರ್ಟ್ ಕಿಟಕಿಯಲ್ಲ, ಮೂಲ ಕ್ಲಿಪ್. ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಆದರೆ ಇಂಟರ್‌ಪ್ರಿಟ್ ಫೂಟೇಜ್, ಡಾವಿಂಚಿ ರಿಸಾಲ್ವ್ ಆದರೆ ಕ್ಲಿಪ್ ಆಟ್ರಿಬ್ಯೂಟ್ಸ್ ಎಂಬ ಆಯ್ಕೆ ತೆರೆಯಿರಿ. ಅಲ್ಲಿ ಪಿಕ್ಸೆಲ್ಲಿನ ನಿಜ ಆಕಾರ ಹೇಳಿ. ಕ್ಲಿಪ್ ತಪ್ಪಾಗಿದ್ದು ಎಕ್ಸ್‌ಪೋರ್ಟಿನಲ್ಲಿ ಎಳೆದು ಸರಿಮಾಡಲು ಹೋದರೆ, ಮೇಲೆ ಹಾಕಿದ ಹೆಸರು, ಹೂವಿನ ಚೌಕಟ್ಟು ಎಲ್ಲವೂ ಜೊತೆಗೇ ಎಳೆದುಕೊಳ್ಳುತ್ತವೆ.

ಈಗ ಎಕ್ಸ್‌ಪೋರ್ಟ್. ಪಿಕ್ಸೆಲ್ ಚೌಕ, ಅಂದರೆ 1.0 ಇಡಿ. 4ಕ್ಕೆ 3ರ ಟೇಪಿಗೆ ಎತ್ತರ 576 ಹಾಗೆಯೇ ಇರಲಿ, ಅಗಲ ಮಾತ್ರ ಬದಲಿಸಿ. 720ರಲ್ಲಿ ಎರಡೂ ಅಂಚಿನ 8-8 ಪಿಕ್ಸೆಲ್ ಹೆಚ್ಚುವರಿ. ಅದನ್ನು ಕತ್ತರಿಸಿದರೆ 704, ಅದನ್ನು ಹಿಗ್ಗಿಸಿದರೆ 768. 16ಕ್ಕೆ 9 ಆದರೆ 1024. ಎತ್ತರ ಮುಟ್ಟದಿರುವುದಕ್ಕೆ ಕಾರಣವಿದೆ: ಡಿವಿ ಚಿತ್ರ ಇಂಟರ್‌ಲೇಸ್ ಆಗಿರುತ್ತದೆ, ಅಂದರೆ ಪ್ರತಿ ಫ್ರೇಮಿನ ಗೆರೆಗಳು ಒಂದು ಬಿಟ್ಟು ಒಂದರಂತೆ ಫೀಲ್ಡ್ ಎಂಬ ಎರಡು ಕಂತುಗಳಲ್ಲಿರುತ್ತವೆ; ಸೆಕೆಂಡಿಗೆ 25 ಫ್ರೇಮು, 50 ಫೀಲ್ಡು. ಡಿಇಂಟರ್‌ಲೇಸ್ ಮಾಡದೆ, ಅಂದರೆ ಆ ಕಂತುಗಳನ್ನು ಪೂರ್ಣ ಫ್ರೇಮಾಗಿಸದೆ, ಎತ್ತರ ಹಿಗ್ಗಿಸಿದರೆ ಗೆರೆಗಳು ಬೆರೆತು ಕುಣಿಯುವವರ ಕೈಕಾಲೆಲ್ಲ ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತವೆ. ಅದನ್ನು ಆಮೇಲೆ ತೊಳೆಯಲಾಗದು. ಡಿವಿಯಲ್ಲಿ ಲೋವರ್ ಫೀಲ್ಡ್, ಅಂದರೆ ಕೆಳಗಿನ ಗೆರೆಗಳ ಕಂತು, ಮೊದಲು. ಆ ಕ್ರಮವನ್ನು ತಿರುಗಿಸಿದರೆ ಚಲನೆ ಹಿಂದೆ ಮುಂದೆ ನಡುಗುತ್ತದೆ. ಅಗಲ, ಎತ್ತರ ಎರಡೂ ಸಮಸಂಖ್ಯೆ ಇರಲಿ.

ಯೂಟ್ಯೂಬಿಗೆ ಕಳಿಸುವಾಗ ಪಕ್ಕಕ್ಕೆ ಕಪ್ಪು ಪಟ್ಟಿ ಹಾಕಬೇಡಿ, ಅದು ತಾನೇ ಹಾಕಿಕೊಳ್ಳುತ್ತದೆ. ಹೊಸ ಕ್ಯಾಮೆರಾದ 1920-1080ರ ಚಿತ್ರದ ನಡುವೆ 4ಕ್ಕೆ 3ರ ಹಳೆಯ ತುಣುಕು ಸೇರಿಸುವಿರಾದರೆ ಮೊದಲು ಡಿಇಂಟರ್‌ಲೇಸ್ ಮಾಡಿ, ಆಮೇಲೆ 1440-1080ಕ್ಕೆ ಹಿಗ್ಗಿಸಿ, ಪಕ್ಕ 240-240 ಖಾಲಿ ಬಿಡಿ. ತುಂಬಿಸುವ ಆಸೆಯಿಂದ ಅಡ್ಡಕ್ಕೆ ಎಳೆದರೆ ಜನ ಮೂರನೇ ಒಂದು ಪಾಲು ದಪ್ಪಗಾಗುತ್ತಾರೆ.

ಪೂರ್ತಿ ಎಕ್ಸ್‌ಪೋರ್ಟಿಗೆ ಮುಂಚೆ 10 ಸೆಕೆಂಡು ಮಾತ್ರ ಮಾಡಿ ಟಿವಿಯಲ್ಲಿ ನೋಡಿ. ವಿಕಾರ ಕಂಡರೆ ಫೈಲನ್ನು ದೂರುವ ಮುನ್ನ ಟಿವಿಯ ರಿಮೋಟ್ ಒತ್ತಿ, ಚಿತ್ರದ ಅಳತೆ ಹಿಗ್ಗಿಸುವ ಆಯ್ಕೆಯಲ್ಲಿ ನಿಂತಿದೆಯೇ ಎಂದು ಪರೀಕ್ಷಿಸಿ.